ಕ್ಯಾಂಪಸ್ಸಿನ ಕೆರೆ ಕಾಯುವುದು ಹೇಗೆ? ವಿಶ್ವವಿದ್ಯಾಲಯಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳಿಗೆ ನೀರು ಕೊಡಲೆಂದು. ಊರು ಬೆಳೆದು ಕೆರೆಯನ್ನು ಸುತ್ತುವರಿದಿದೆ. ಕೆರೆ ಮಾತ್ರ ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿ, ಮಾನಸಗಂಗೋತ್ರಿ ಆವರಣದ ಮಗ್ಗುಲಲ್ಲಿ ಉಳಿದುಕೊಂಡಿದೆ. ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ತುಂಡಾಯಿತು. ಅದೇ ಬಡಾವಣೆಗಳ ಕೊಳಚೆ ಕೆರೆಗೆ ದಾರಿ ಹುಡುಕಿಕೊಂಡಿತು. ಇಷ್ಟಾದರೂ ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳು ಅಲ್ಲಿಗೆ ಬರುವುದನ್ನು ಬಿಟ್ಟಿಲ್ಲ.

ಆವರಣದೊಳಗೆ ಅಥವಾ ಪಕ್ಕದಲ್ಲಿ ನೀರಿರುವ ವಿಶ್ವವಿದ್ಯಾಲಯ ಇದೊಂದೇ ಅಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಅಂಚಿನಲ್ಲಿ ವೃಷಭಾವತಿ ನದಿ ಹರಿಯುತ್ತದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಭದ್ರಾ ಜಲಾಶಯ ಹತ್ತಿರ. ನೀರನ್ನು ಅಳೆಯುವವರಿಗೂ ಕೊರತೆಯಿಲ್ಲ. ಪರಿಸರ ವಿಜ್ಞಾನ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳು ವರ್ಷ ವರ್ಷವೂ ಬಾಟಲಿ ಹಿಡಿದು ಕೆರೆಗೆ ಇಳಿಯುತ್ತಾರೆ. ಆದರೆ ಒಂದು ಬ್ಯಾಚು ಕೋಡಿಯ ಹತ್ತಿರ ಮಧ್ಯಾಹ್ನ ಅಳೆದರೆ ಮುಂದಿನ ಬ್ಯಾಚು ಮೆಟ್ಟಿಲ ಹತ್ತಿರ ಬೆಳಿಗ್ಗೆ ಅಳೆಯುತ್ತದೆ. ಇಪ್ಪತ್ತು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೂ ಕೆರೆ ಕೆಟ್ಟಿತೋ ಸುಧಾರಿಸಿತೋ ಹೇಳಲಾಗುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಇರುವ, ಬೇರೆ ಯಾವ ಇಲಾಖೆಗೂ ಇಲ್ಲದ ಬಲ ಒಂದಿದೆ. ಅದು ಅಲ್ಲೇ ಇರುತ್ತದೆ, ವರ್ಗವಾಗಿ ಹೋಗುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ವಿಧಾನದಲ್ಲಿ ಹತ್ತಾರು ವರ್ಷ ಎಡೆಬಿಡದೆ ಅಳೆಯಲು ಅದಕ್ಕೆ ಸಾಧ್ಯ. ಈ ಮಾರ್ಗದರ್ಶಿ ಆ ಎಡೆಬಿಡದ ಕೆಲಸಕ್ಕಾಗಿ.

ಹಂತ 1: ಕೆರೆಗಿಂತ ಮೊದಲು ಕಾಲುವೆ ನೋಡಿ

ಮೊದಲ ತಿಂಗಳು ನೀರಿಗೆ ಇಳಿಯಲೇ ಬೇಡಿ. ಗ್ರಾಮ ನಕ್ಷೆ ತೆಗೆಸಿ. ಕೆರೆಯ ಸರ್ವೆ ನಂಬರು, ಅಂಗಳದ ವಿಸ್ತೀರ್ಣ, ಏರಿ, ತೂಬು, ಕೋಡಿ, ಒಳಬರುವ ಪ್ರತಿ ಕಾಲುವೆ ಮತ್ತು ಹಳ್ಳ ಅದರಲ್ಲಿ ಇರುತ್ತವೆ. ಅದೇ ನಂಬರುಗಳನ್ನು, ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ತೆರೆದು ಮೊಬೈಲ್ ಹಿಡಿದು ನಡೆಯಿರಿ. ನಕ್ಷೆಯಲ್ಲಿ ಕಾಲುವೆ ಇದ್ದು ನೆಲದ ಮೇಲೆ ರಸ್ತೆಯೋ ಮನೆಯೋ ಇದ್ದರೆ ಬರೆದುಕೊಳ್ಳಿ. ಏರಿಯ ಮೇಲೆ ದನ ಮೇಯಿಸುವವರು, ಮೀನಿನ ಗುತ್ತಿಗೆದಾರ, ಹಿಂದೆ ನೀರುಗಂಟಿಯ ಕೆಲಸ ಮಾಡಿದ ಮನೆಯವರು ಸಿಕ್ಕರೆ ಕೂತು ಮಾತಾಡಿ. ಕೋಡಿ ಕೊನೆಯ ಸಲ ಯಾವಾಗ ಬಿತ್ತು, ಯಾವ ಕಡೆಯಿಂದ ವಾಸನೆ ಬರುತ್ತದೆ, ಮೀನು ಯಾವ ತಿಂಗಳಲ್ಲಿ ಸಾಯುತ್ತದೆ ಎಂಬುದು ಯಾವ ಉಪಗ್ರಹ ಚಿತ್ರದಲ್ಲೂ ಸಿಗುವುದಿಲ್ಲ.

ಈ ನಡಿಗೆಯನ್ನು ಎರಡು ಸಲ ಮಾಡಬೇಕು. ಒಂದು, ಜೋರು ಮಳೆ ನಿಂತ ಮರುಗಳಿಗೆ. ಇನ್ನೊಂದು, ಮಾರ್ಚ್‌ನಲ್ಲಿ, ವಾರಗಟ್ಟಲೆ ಹನಿ ಬೀಳದಿರುವಾಗ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ. ನಗರದ ಮಳೆಕಾಲುವೆಯಲ್ಲಿ ಬಿರುಬಿಸಿಲ ಕಾಲದಲ್ಲೂ ನೀರು ಹರಿಯುತ್ತಿದ್ದರೆ ಅದು ಬಹುಮಟ್ಟಿಗೆ ಮನೆಗಳ ಕೊಳಚೆಯೇ. ಎಲ್ಲರೂ ಸ್ನಾನ ಮಾಡುವ, ಬಟ್ಟೆ ಒಗೆಯುವ ಹೊತ್ತಿಗೆ ಅದು ಹೆಚ್ಚಾದರೆ ಅನುಮಾನ ಉಳಿಯುವುದಿಲ್ಲ.

ಎಷ್ಟು ಬರುತ್ತಿದೆ ಎಂದು ಅಳೆಯಲು ದುಬಾರಿ ಉಪಕರಣ ಬೇಡ. ಸಣ್ಣ ಪೈಪಾದರೆ 20 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿ. ಹತ್ತು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್, ಹೀಗೆಯೇ ಹರಿದರೆ ದಿನಕ್ಕೆ 1,72,800 ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ನೀರು ಪೂರೈಕೆ, ಅದರ ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಇದು ಸುಮಾರು 1,600 ಜನರ ಕೊಳಚೆ. ಅಗಲವಾದ ಕಾಲುವೆಯಾದರೆ ಹತ್ತು ಮೀಟರ್ ಉದ್ದ ಗುರುತು ಮಾಡಿ, ಅರ್ಧ ಮುಳುಗಿ ತೇಲುವ ಕಿತ್ತಳೆಹಣ್ಣೋ ಅರ್ಧ ನೀರು ತುಂಬಿ ಮುಚ್ಚಿದ ಸಣ್ಣ ಬಾಟಲಿಯೋ ಬಿಟ್ಟು ಎಷ್ಟು ಸೆಕೆಂಡಿನಲ್ಲಿ ದಾಟಿತು ನೋಡಿ. ಸಿಕ್ಕ ವೇಗವನ್ನು 0.85ರಿಂದ ಗುಣಿಸಿ, ಕಾಲುವೆಯ ಅಗಲ ಮತ್ತು ಆಳದಿಂದ ಮತ್ತೆ ಗುಣಿಸಿ. ಪಾಲಿಕೆಯ ಎಂಜಿನಿಯರ್ ಮುಂದೆ ‘ಕೆರೆ ಮಲಿನವಾಗಿದೆ’ ಎಂದರೆ ಅವರು ತಲೆಯಾಡಿಸಿ ಸುಮ್ಮನಾಗಬಹುದು. ‘ಈ ಪೈಪಿನಿಂದ 1,600 ಜನರ ಕೊಳಚೆ ಬರುತ್ತಿದೆ, ಫೋಟೊ ಇಲ್ಲಿದೆ, ಸರ್ವೆ ನಂಬರು ಇಲ್ಲಿದೆ’ ಎಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಹಂತ 2: ಜಾಗ ಗೊತ್ತುಮಾಡಿ, ಮತ್ತೆ ಬದಲಿಸಬೇಡಿ

ನಮ್ಮ ಬಯಲುಸೀಮೆಯ ಕೆರೆಗಳಿಗೆ ಆಳ ಕಡಿಮೆ. ಐದು ಜಾಗ ಸಾಕು: ಮುಖ್ಯ ಕಾಲುವೆ ಸೇರುವಲ್ಲಿ, ಕೆರೆಯ ನಡುವೆ, ತೂಬಿನ ಬಳಿ, ಕೋಡಿಯ ಬಳಿ, ಮತ್ತು ಏರಿಯ ಕೆಳಗಿನ ಒಂದು ಬಾವಿ ಅಥವಾ ಕೊಳವೆಬಾವಿ. ಐದನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಕೆರೆಯ ನೀರು ಇಂಗಿ ಹೋಗುವುದು ಅಲ್ಲಿಗೆ, ಹಲವು ಕಡೆ ಜನ ಕುಡಿಯುವುದೂ ಅದನ್ನೇ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿ.ಗ್ರಾಂ. ಬಾವಿಯ ನೈಟ್ರೇಟ್ ವರ್ಷದಿಂದ ವರ್ಷಕ್ಕೆ ಅತ್ತ ಏರುತ್ತಿದ್ದರೆ ಆ ಮನೆಯವರಿಗೆ ಮೊದಲು ತಿಳಿಸಬೇಕು, ಪ್ರಬಂಧ ಆಮೇಲೆ.

ಪ್ರತಿ ಜಾಗಕ್ಕೂ ಜಿಪಿಎಸ್ ಗುರುತು, ಒಂದು ಫೋಟೊ, ದಡದಲ್ಲಿ ಬಣ್ಣ ಬಳಿದ ಕಲ್ಲು ಇರಲಿ. ತೂಬಿನ ಬಳಿ ಸೆಂಟಿಮೀಟರ್ ಗೆರೆ ಹಾಕಿದ ಅಳತೆಗೋಲು ನಿಲ್ಲಿಸಿ. ನೀರಿನ ಮಟ್ಟ ಗೊತ್ತಿಲ್ಲದ ರಾಸಾಯನಿಕ ಅಂಕಿಗೆ ಅರ್ಧ ಅರ್ಥವೂ ಇಲ್ಲ. ಬೇಸಿಗೆಯಲ್ಲಿ ಲವಣಾಂಶ ಏರಿದ್ದು ಹೊಸ ಮಾಲಿನ್ಯದಿಂದಲೋ ನೀರು ಬತ್ತಿದ್ದರಿಂದಲೋ ಎಂದು ಹೇಳಲು ಆ ಕೋಲು ಬೇಕು.

ತೆಪ್ಪದಲ್ಲಿ ಹೋಗುವಾಗ ಲೈಫ್ ಜಾಕೆಟ್ ಕಡ್ಡಾಯ. ಈಜು ಬರುವವರೂ ಹಾಕಲಿ. ಒಬ್ಬರೇ ಹೋಗಬಾರದು. ಕೊಳಚೆ ಸೇರುವಲ್ಲಿ ಮೊಣಕೈವರೆಗಿನ ಕೈಗವಸು ಹಾಕಿ. ಇಲಿಜ್ವರದಂಥ ಸೋಂಕು ಸಣ್ಣ ಗಾಯದ ಮೂಲಕವೂ ಬರುತ್ತದೆ.

ಹಂತ 3: ಹೊತ್ತು ನೋಡಿ ಅಳೆಯಿರಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ದಾರಿತಪ್ಪಿಸುವ ಅಂಕಿ ಕರಗಿದ ಆಮ್ಲಜನಕ. ಪಾಚಿ ತುಂಬಿದ ಹಸಿರು ಕೆರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಅಳೆದರೆ ಲೀಟರಿಗೆ ಹತ್ತು, ಹನ್ನೆರಡು ಮಿ.ಗ್ರಾಂ ಬಂದೀತು. 25 ಡಿಗ್ರಿ ಉಷ್ಣತೆಯ ಶುದ್ಧ ನೀರು ಮೈಸೂರಿನ ಎತ್ತರದಲ್ಲಿ ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಸುಮಾರು 7.5 ಮಿ.ಗ್ರಾಂ. ಹೆಚ್ಚಿನದ್ದೆಲ್ಲ ಪಾಚಿ ಬಿಸಿಲಿನಲ್ಲಿ ಉತ್ಪತ್ತಿ ಮಾಡಿದ್ದು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಆ ಆಮ್ಲಜನಕವನ್ನು ಖಾಲಿ ಮಾಡುತ್ತದೆ. ಬೆಳಗಿನ ಜಾವಕ್ಕೆ ಒಂದೋ ಎರಡೋ ಮಿ.ಗ್ರಾಂ ಉಳಿದಿದ್ದರೆ ಮೀನು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತದೆ. ಕಾಲೇಜು ಶುರುವಾದ ಮೇಲೆ, ಹನ್ನೊಂದಕ್ಕೆ ಹೋಗಿ ಅಳೆದ ವರದಿ ‘ಆಮ್ಲಜನಕ ಸಮೃದ್ಧ’ ಎಂದು ಬರೆಯುತ್ತದೆ. ಅದನ್ನು ನಂಬಿ ಇಲಾಖೆ ಸುಮ್ಮನಾಗುತ್ತದೆ.

ಆದ್ದರಿಂದ ತಿಂಗಳಿಗೊಂದು ದಿನ ಎರಡು ಸಲ ಅಳೆಯಿರಿ: ಸೂರ್ಯೋದಯಕ್ಕೆ ಮೊದಲು ಒಮ್ಮೆ, ಮಧ್ಯಾಹ್ನ ಎರಡರಿಂದ ಮೂರರ ನಡುವೆ ಒಮ್ಮೆ. ಎರಡರ ನಡುವಿನ ಅಂತರವೇ ಕೆರೆಯ ಸ್ಥಿತಿ ಹೇಳುತ್ತದೆ. ಅಂತರ ದೊಡ್ಡದಾದಷ್ಟೂ ನೀರಿನಲ್ಲಿ ರಂಜಕ, ಸಾರಜನಕ ಹೆಚ್ಚಾಗಿವೆ ಎಂದೇ ಅರ್ಥ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ನಸುಕಿನ ಪಾಳಿ ವಹಿಸಿಕೊಂಡರೆ ಇದು ಕಷ್ಟವಲ್ಲ. ವರ್ಷಕ್ಕೆರಡು ಸಲ, ಬೇಸಿಗೆಯಲ್ಲಿ ಮತ್ತು ಮಳೆಗಾಲದ ಕೊನೆಯಲ್ಲಿ, ಇಪ್ಪತ್ನಾಲ್ಕು ಗಂಟೆ ಪೂರ್ತಿ ಮೂರು ಗಂಟೆಗೊಮ್ಮೆ ಅಳೆಯುವುದು ಇನ್ನೂ ಒಳ್ಳೆಯದು.

ಹಂತ 4: ದಡದಲ್ಲಿ ಮಾಡುವುದು, ಲ್ಯಾಬಿನಲ್ಲಿ ಮಾಡುವುದು

ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ, ಆಮ್ಲಜನಕ, ಪಾರದರ್ಶಕತೆ — ಈ ಐದನ್ನು ಅಲ್ಲೇ ಅಳೆಯಬೇಕು. ಪಾರದರ್ಶಕತೆಗೆ ಸೆಕ್ಕಿ ತಟ್ಟೆ: 20 ಸೆಂ.ಮೀ. ಅಗಲದ, ಕಪ್ಪು ಬಿಳುಪು ಭಾಗಗಳಾಗಿ ಬಣ್ಣ ಬಳಿದ ತಟ್ಟೆ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಇಳಿಬಿಟ್ಟ ಬಿಳಿ ತಟ್ಟೆಯಿಂದ ಬಂದ ವಿಧಾನ ಇದು, ಇವತ್ತಿಗೂ ಇಷ್ಟು ಅಗ್ಗದ, ಇಷ್ಟು ನಂಬಬಹುದಾದ ಸಾಧನ ಇನ್ನೊಂದಿಲ್ಲ. ಗೆರೆ ಹಾಕಿದ ಹಗ್ಗ ಕಟ್ಟಿ ಇಳಿಬಿಡಿ, ಕಾಣದಾದಾಗ ಒಂದು ಓದು, ಎತ್ತುವಾಗ ಮತ್ತೆ ಕಂಡಾಗ ಒಂದು ಓದು, ಎರಡರ ಸರಾಸರಿ. ಹೂಳು ಕದಡಿಲ್ಲದ ಕಾಲದಲ್ಲೂ ಅರ್ಧ ಮೀಟರಿನೊಳಗೇ ತಟ್ಟೆ ಮಾಯವಾದರೆ ಪಾಚಿ ಅತಿಯಾಗಿದೆ.

ಆಮ್ಲಜನಕಕ್ಕೆ ಮೀಟರ್ ಇದ್ದರೂ ಒಂದು ಬಾಟಲಿಯನ್ನು ವಿಂಕ್ಲರ್ ವಿಧಾನದಲ್ಲಿ ತಾಳೆ ನೋಡಿ. ಮೀಟರಿನ ಪೊರೆ ಹಳತಾದರೆ ಅದು ಸದ್ದಿಲ್ಲದೆ ತಪ್ಪು ಹೇಳುತ್ತದೆ. 300 ಮಿ.ಲೀ. ಬಾಟಲಿಯನ್ನು ನೀರೊಳಗೇ, ಗುಳ್ಳೆ ಉಳಿಯದಂತೆ ತುಂಬಿ. ಮ್ಯಾಂಗನಸ್ ಸಲ್ಫೇಟ್, ಆಮೇಲೆ ಕ್ಷಾರ-ಅಯೊಡೈಡ್-ಅಜೈಡ್ ದ್ರಾವಣ ಹಾಕಿ, ಮುಚ್ಚಿ ತಿರುಗಿಸಿ. ಕಂದು ಗಸಿ ಇಳಿದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಉಸಿರಾಡಲು ಏನೂ ಇಲ್ಲ. ಗಸಿ ಕೆಳಗಿಳಿದ ಮೇಲೆ ಗಂಧಕಾಮ್ಲ ಹಾಕಿ ಕರಗಿಸಿ, ಲ್ಯಾಬಿನಲ್ಲಿ 200 ಮಿ.ಲೀ. ತೆಗೆದು 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ಖರ್ಚಾದ ಪ್ರತಿ ಮಿ.ಲೀ. ಲೀಟರಿಗೆ ಒಂದು ಮಿ.ಗ್ರಾಂ ಆಮ್ಲಜನಕಕ್ಕೆ ಸಮ.

ಲ್ಯಾಬಿಗೆ ಹೋಗಬೇಕಾದ ನೀರು ಐಸ್ ಪೆಟ್ಟಿಗೆಯಲ್ಲಿ ಹೋಗಲಿ. ಕೊಳಚೆಯ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಪರೀಕ್ಷೆಗೆ ಕ್ರಿಮಿರಹಿತ ಬಾಟಲಿ, ಸಾಧ್ಯವಾದರೆ ಆರು ಗಂಟೆಯೊಳಗೆ ಪರೀಕ್ಷೆ. ಬಿಒಡಿಯನ್ನು (ನೀರಿನ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ನಮ್ಮ ಹವೆಗೆ ಹೊಂದುವಂತೆ 27 ಡಿಗ್ರಿಯಲ್ಲಿ ಮೂರು ದಿನ ಇಡುವ ಪದ್ಧತಿ ಭಾರತೀಯ ಮಾನಕದಲ್ಲಿದೆ. ಅದನ್ನೇ ಹಿಡಿಯಿರಿ, ಮಧ್ಯೆ 20 ಡಿಗ್ರಿಯ ಐದು ದಿನಕ್ಕೆ ಬದಲಾಯಿಸಬೇಡಿ. ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ತಿಂಗಳಿಗೊಮ್ಮೆ. ಭಾರಲೋಹ ವರ್ಷಕ್ಕೆರಡು ಸಲ ಸಾಕು, ನೀರಿಗಿಂತ ತಳದ ಕೆಸರಿನಲ್ಲಿ ನೋಡುವುದು ಮೇಲು. ಪ್ರತಿ ಸಲ ಒಂದು ಖಾಲಿ ಮಾದರಿ, ಒಂದು ಜೋಡಿ ಮಾದರಿ, ಒಂದು ಗೊತ್ತಿರುವ ಪ್ರಮಾಣದ ಮಾದರಿ ಜೊತೆಗಿರಲಿ.

ಒಂದು ಮಾತು ಒತ್ತಿ ಹೇಳಬೇಕು. ಕೊಳೆಯನ್ನು ರಾಸಾಯನಿಕದಿಂದ ಉತ್ಕರ್ಷಿಸಿ ಅಳೆಯುವ ಸಿಒಡಿ ಪರೀಕ್ಷೆಯ ತ್ಯಾಜ್ಯದಲ್ಲಿ ಕ್ರೋಮಿಯಂ, ಬೆಳ್ಳಿ, ಪಾದರಸ ಇರುತ್ತವೆ. ಕೆರೆಯ ಮಾಲಿನ್ಯ ಅಳೆದ ಕೈಯಿಂದಲೇ ಅದನ್ನು ಸಿಂಕಿಗೆ ಸುರಿದರೆ ಅದು ಅದೇ ಕೆರೆ ಸೇರೀತು. ಬೇರೆ ಕ್ಯಾನಿನಲ್ಲಿ, ಚೀಟಿ ಅಂಟಿಸಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯದ ಪರವಾನಗಿ ಇರುವವರಿಗೇ ಕೊಡಿ.

ಹಂತ 5: ಜೀವಿಗಳನ್ನು ಓದಿ

ನೀರಿನ ಮಾದರಿ ಆ ಗಳಿಗೆಯದ್ದನ್ನು ಮಾತ್ರ ಹೇಳುತ್ತದೆ. ರಾತ್ರಿ ಯಾರೋ ಟ್ಯಾಂಕರ್ ಸುರಿದು ಹೋದರೆ ಬೆಳಗಿನ ಬಾಟಲಿಗೆ ಅದು ಸಿಗದೇ ಹೋಗಬಹುದು. ತಳದಲ್ಲಿ ತಿಂಗಳುಗಟ್ಟಲೆ ಬದುಕುವ ಹುಳುಗಳು ಅದನ್ನು ಅನುಭವಿಸಿರುತ್ತವೆ. ಕೈಬಲೆಯಿಂದ ದಡದ ಕೆಸರು, ಗಿಡಗಳ ಬುಡ ಜಾಲಿಸಿ ಬಿಳಿ ತಟ್ಟೆಗೆ ಸುರಿಯಿರಿ. ಮೇಫ್ಲೈ ಎಂಬ ಕೀಟದ ಮರಿಗಳು, ಬಗೆಬಗೆಯ ಏರೋಪ್ಲೇನ್ ಚಿಟ್ಟೆಯ ಮರಿಗಳು ಸಿಕ್ಕರೆ ನೀರು ತಕ್ಕಮಟ್ಟಿಗೆ ಚೆನ್ನಾಗಿದೆ. ಕೆಂಪು ರಕ್ತಹುಳು ಮತ್ತು ಟ್ಯೂಬಿಫೆಕ್ಸ್ ಎಂಬ ಕೆಸರುಹುಳು ಮಾತ್ರ ರಾಶಿ ಇದ್ದರೆ ತಳದಲ್ಲಿ ಆಮ್ಲಜನಕ ತೀರ ಕಡಿಮೆ. ಆ ಕೆಂಪು ಹಿಮೋಗ್ಲೋಬಿನ್ನಿನದು, ಉಸಿರು ಸಿಗದ ಕಡೆ ಬದುಕಲು ಅವಕ್ಕಿರುವ ಉಪಾಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಈ ಜೀವಿಗಳಿಗೆ ಅಂಕ ಕೊಟ್ಟು ನೀರನ್ನು ದರ್ಜೆ ಮಾಡುವ ಪದ್ಧತಿ ರೂಪಿಸಿದೆ. ಕುಟುಂಬದ ಮಟ್ಟದವರೆಗೆ ಗುರುತಿಸಿದರೆ ಸಾಕು, ಪದವಿ ವಿದ್ಯಾರ್ಥಿಗಳೂ ಕಲಿಯಬಲ್ಲರು.

ಹಕ್ಕಿಗಳನ್ನು ತಿಂಗಳ ಒಂದೇ ಭಾನುವಾರ, ಒಂದೇ ದಾರಿಯಲ್ಲಿ ನಡೆದು ಎಣಿಸಿ. 1987ರಿಂದ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿದೆ, ಅದಕ್ಕೂ ನಿಮ್ಮ ಲೆಕ್ಕ ಸೇರಲಿ. ಒಟ್ಟು ಸಂಖ್ಯೆಗಿಂತ ಯಾವುದು ಹೋಯಿತು, ಯಾವುದು ಹೆಚ್ಚಿತು ಎಂಬುದು ಮುಖ್ಯ. ತೆರೆದ ನೀರಿನಲ್ಲಿ ಮುಳುಗೇಳುವ ಗುಳುಮುಳುಕ ಕಾಣೆಯಾಗಿ, ಕಳೆಯ ನಡುವೆ ಓಡಾಡುವ ಜಂಬುಕೋಳಿ ಮಾತ್ರ ಹೆಚ್ಚುತ್ತಿದ್ದರೆ ತೆರೆದ ನೀರು ಕಳೆಗೆ ಸೋಲುತ್ತಿದೆ. ನೀಲಿ ಹೂವಿನ ಜಲಕಳೆ ಕೆರೆಯ ಎಷ್ಟು ಭಾಗ ಮುಚ್ಚಿದೆ ಎಂದು ಏರಿಯ ಒಂದೇ ಜಾಗದಿಂದ ಪ್ರತಿ ತಿಂಗಳೂ ಫೋಟೊ ತೆಗೆಯಿರಿ. ಮೀನಿನ ಬಲೆಯಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಬಂತೇ ಎಂದು ಗುತ್ತಿಗೆದಾರರನ್ನು ಕೇಳುತ್ತಿರಿ. ಸಾಕಣೆಗೆ ನಿಷೇಧ ಇರುವ ಆ ಮೀನು ಸೇರಿದರೆ ನಮ್ಮ ನಾಟಿ ಮೀನುಗಳ ಮರಿಗಳಿಗೆ ಉಳಿಗಾಲವಿಲ್ಲ.

ಹಂತ 6: ಮೀನು ಸತ್ತ ಬೆಳಿಗ್ಗೆ

ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ಮಾರನೆಯ ದಿನ ‘ಕೆರೆಯಲ್ಲಿ ಮೀನು ಸತ್ತಿವೆ’ ಎಂಬ ಫೋನು ಬರುತ್ತದೆ. ಅದಕ್ಕೆ ಮೊದಲೇ ಪೆಟ್ಟಿಗೆಯೊಂದು ಸಿದ್ಧವಿರಲಿ: ತೊಳೆದ ಬಾಟಲಿಗಳು, ವಿಂಕ್ಲರ್ ದ್ರಾವಣ, ಪಿಎಚ್ ಮೀಟರ್, ಗಾಜಿನ ಥರ್ಮಾಮೀಟರ್, ಐಸ್ ಚೀಲ, ಕೈಗವಸು, ನೋಟ್‌ಬುಕ್. ಹತ್ತು ಗಂಟೆಗೆ ಹೋದರೆ ಬಿಸಿಲು ಬಂದು ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಮೊದಲು ನೀರಿನ ಮಾದರಿ, ಆಮೇಲೆ ಮಾತುಕತೆ. ಸತ್ತ ಮೀನು ಇರುವಲ್ಲಿ ಒಂದು, ಇಲ್ಲದಲ್ಲಿ ಒಂದು, ಕಾಲುವೆಯ ಬಾಯಲ್ಲಿ ಒಂದು. ನಂತರ ಮೀನುಗಳನ್ನು ನೋಡಿ:

- ಸತ್ತದ್ದು ದೊಡ್ಡ ಕಾಟ್ಲಾ, ರೋಹುಗಳೇ, ಸಣ್ಣವು ಬದುಕಿವೆಯೇ, ಸಾವು ಬೆಳಗಿನ ಜಾವವೇ? ಆಮ್ಲಜನಕದ ಕೊರತೆ ಇರಬಹುದು. ಗಾಳಿ ಸೇವಿಸಬಲ್ಲ ಕೊರವ ಮೀನು, ಕ್ಯಾಟ್‌ಫಿಶ್ ಬದುಕಿದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ.
- ಎಲ್ಲ ಜಾತಿ, ಎಲ್ಲ ಗಾತ್ರದವು, ಕೊರವ ಸಹಿತ, ಹಗಲಿನಲ್ಲೂ ಸಾಯುತ್ತಿದ್ದರೆ ವಿಷದ ಕಡೆ ನೋಡಿ.
- ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಅಳೆಯಿರಿ.

ಮೊದಲ ಮಳೆ ಚರಂಡಿಗಳಲ್ಲಿ ತಿಂಗಳುಗಟ್ಟಲೆ ಕೊಳೆತದ್ದನ್ನೆಲ್ಲ ಒಮ್ಮೆಗೇ ಕೆರೆಗೆ ತಳ್ಳುತ್ತದೆ, ತಳದ ಕೆಸರು ಕದಡುತ್ತದೆ, ಮೋಡ ಕವಿದು ಪಾಚಿ ಆಮ್ಲಜನಕ ಬಿಡುವುದೂ ನಿಲ್ಲುತ್ತದೆ. ಮೂರೂ ಒಂದೇ ರಾತ್ರಿ ಕೂಡಿದರೆ ಮೀನು ಉಳಿಯುವುದಿಲ್ಲ. ಹಿಂದಿನ ಮೂರು ದಿನದ ಹವೆಯನ್ನು ಅದಕ್ಕೇ ಬರೆದುಕೊಳ್ಳಬೇಕು.

ಅಮೋನಿಯಾ ಇದ್ದರೆ ಪಿಎಚ್ ಜೊತೆಗಿಟ್ಟೇ ಓದಿ. 25 ಡಿಗ್ರಿಯಲ್ಲಿ, ಲೀಟರಿಗೆ 3 ಮಿ.ಗ್ರಾಂ ಒಟ್ಟು ಅಮೋನಿಯಾ ಇರುವ ನೀರಿನ ಪಿಎಚ್ 7.5 ಇದ್ದರೆ ವಿಷಕಾರಿ ಮುಕ್ತ ಅಮೋನಿಯಾ ಸುಮಾರು 0.05 ಮಿ.ಗ್ರಾಂ ಮಾತ್ರ. ಹಸಿರು ಕೆರೆಯ ಮಧ್ಯಾಹ್ನದ ಪಿಎಚ್ 9ಕ್ಕೆ ಏರಿದರೆ ಅದೇ 3 ಮಿ.ಗ್ರಾಂನಲ್ಲಿ 1 ಮಿ.ಗ್ರಾಂಗೂ ಹೆಚ್ಚು ಮುಕ್ತವಾಗುತ್ತದೆ. ಕೊಳಚೆ ಒಂದಿಷ್ಟೂ ಹೆಚ್ಚದೆ, ಬಿಸಿಲೊಂದರಿಂದಲೇ ನೀರು ವಿಷವಾಗಬಲ್ಲದು.

ಸಾಯುತ್ತಿರುವ ಮೀನನ್ನು ಐಸಿನಲ್ಲಿಟ್ಟು ಮೀನುಗಾರಿಕೆ ಇಲಾಖೆಗೆ ಕೊಡಿ. ಕೊಳೆತದ್ದರಿಂದ ಏನೂ ತಿಳಿಯದು. ಸತ್ತವನ್ನು ಅದೇ ದಿನ ಹೊರತೆಗೆಸಿ, ಕೆರೆಯಿಂದ ದೂರ ಸುಣ್ಣ ಹಾಕಿ ಹೂಳಿಸಿ. ಆ ಮೀನನ್ನು ಯಾರೂ ಮಾರದಂತೆ, ತಿನ್ನದಂತೆ ಏರಿಯ ಮೇಲೆ ನಿಂತು ಹೇಳಬೇಕು.

ಹಂತ 7: ಅಂಕಿಗೆ ಅರ್ಥ ಕೊಡಿ

ಕೇಂದ್ರ ಮಂಡಳಿ ನೀರನ್ನು ಬಳಕೆಯ ಪ್ರಕಾರ ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದೆ. ಸ್ನಾನಕ್ಕೆ ಒದಗುವ ಬಿ ದರ್ಜೆಗೆ ಆಮ್ಲಜನಕ ಕನಿಷ್ಠ 5 ಮಿ.ಗ್ರಾಂ, ಬಿಒಡಿ 3ರೊಳಗೆ, ಕೋಲಿಫಾರ್ಮ್ 100 ಮಿ.ಲೀ.ಗೆ 500ರೊಳಗೆ ಇರಬೇಕು. ಮೀನು ಮತ್ತು ವನ್ಯಜೀವಿಗಳ ಡಿ ದರ್ಜೆಗೆ ಆಮ್ಲಜನಕ ಕನಿಷ್ಠ 4, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2ರೊಳಗೆ. ಈ ಅಮೋನಿಯಾ ಮಿತಿ ನನಗೆ ತೀರ ಸಡಿಲ ಅನಿಸುತ್ತದೆ; ಮೀನಿಗೆ ತೊಂದರೆ ಅದಕ್ಕಿಂತ ಬಹಳ ಕೆಳಗೇ ಶುರುವಾಗುತ್ತದೆ. ವರದಿಯಲ್ಲಿ ವರ್ಷದ ಸರಾಸರಿ ಕೊಡಬೇಡಿ. ಮೀನು ಸರಾಸರಿಯಿಂದ ಸಾಯುವುದಿಲ್ಲ, ಅತಿ ಕೆಟ್ಟ ರಾತ್ರಿಯಲ್ಲಿ ಸಾಯುತ್ತದೆ. ಆದ್ದರಿಂದ ಪ್ರತಿ ತಿಂಗಳ ಆಮ್ಲಜನಕದ ಕನಿಷ್ಠ ಅಂಕಿ ಕೊಡಿ.

ಹಂತ 8: ಅಳೆದದ್ದನ್ನು ಕಾವಲಾಗಿಸಿ

ಮೊದಲು ಮನೆಯೊಳಗೆ. ಹಾಸ್ಟೆಲ್, ಕ್ಯಾಂಟೀನ್, ಲ್ಯಾಬ್, ವಸತಿಗೃಹಗಳ ನೀರು ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಕುಲಸಚಿವರ ಮೇಜಿನ ಮೇಲಿರಬೇಕು. ತನ್ನ ಕೊಳಚೆಯನ್ನು ತಡೆಯದ ವಿಶ್ವವಿದ್ಯಾಲಯ ಪಕ್ಕದ ಬಡಾವಣೆಗೆ ಬುದ್ಧಿ ಹೇಳಲಾಗದು.

ಹೊರಗಿನ ಕೊಳಚೆಯನ್ನು ಪೂರ್ತಿ ಬೇರೆಡೆ ತಿರುಗಿಸುವುದು ಎಲ್ಲ ಕಡೆ ಉತ್ತರವಲ್ಲ. ಮಳೆಯ ದಾರಿ ಮುಚ್ಚಿದ ಕೆರೆಗೆ ಅದೊಂದೇ ನೀರಾಗಿದ್ದರೆ ಕೆರೆ ಒಣಗುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸಾಗಿ ಕೆರೆ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ ಇದನ್ನು ಅಧ್ಯಯನ ಮಾಡಿ, ಘಟಕ ಬಿಟ್ಟುಹೋದ ಪೋಷಕಾಂಶಗಳನ್ನು ಜೌಗು ಮತ್ತು ಪಾಚಿಕೊಳ ಹೇಗೆ ಹೀರುತ್ತವೆ ಎಂದು ತೋರಿಸಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದಾಗಲೂ ಆ ತಂಡದ ಬಳಿ ಹಳೆಯ ಅಂಕಿಗಳಿದ್ದವು. ಜೌಗಿನಲ್ಲಿ ಬೆಳೆದ ಜೊಂಡು, ಕಳೆಯನ್ನು ಕಾಲಕಾಲಕ್ಕೆ ಕತ್ತರಿಸಿ ಹೊರಹಾಕುವುದನ್ನು ಮರೆಯಬಾರದು. ಅಲ್ಲೇ ಕೊಳೆತರೆ ಹೀರಿದ ರಂಜಕವೆಲ್ಲ ಮತ್ತೆ ನೀರಿಗೆ.

ದಡಕ್ಕೆ ಕಾಂಕ್ರೀಟು, ಸುತ್ತ ದೀಪಮಾಲೆ, ನಡುವೆ ಕಾರಂಜಿ — ಇವು ಸೌಂದರ್ಯೀಕರಣದ ಟೆಂಡರಿನಲ್ಲಿ ಬಂದೇ ಬರುತ್ತವೆ. ಹಕ್ಕಿ ಗೂಡು ಕಟ್ಟುವುದು, ಕಪ್ಪೆ ಮೊಟ್ಟೆ ಇಡುವುದು ಇಳಿಜಾರಾದ ಕೆಸರು ದಡದಲ್ಲಿ. ಟೆಂಡರ್ ಆಗುವ ಮೊದಲೇ ನಿಮ್ಮ ಹಕ್ಕಿ ಲೆಕ್ಕವನ್ನು ಹಿಡಿದುಕೊಂಡು ಸಭೆಗೆ ಹೋಗಿ.

ದೂರು ಬರೆಯುವಾಗ ಒಂದು ಸೂಕ್ಷ್ಮ ಗೊತ್ತಿರಲಿ. 1974ರ ಜಲ ಕಾಯ್ದೆಯ 24ನೇ ಕಲಂ ಮಲಿನ ವಸ್ತುವನ್ನು ನೀರಿಗೆ ಬಿಡುವುದನ್ನು ನಿಷೇಧಿಸುತ್ತದೆ. ಆದರೆ ಮೊಕದ್ದಮೆಗೆ ಬಳಸುವ ಮಾದರಿಯನ್ನು 21ನೇ ಕಲಂನ ಕ್ರಮದಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ತೆಗೆದು ಮೊಹರು ಮಾಡಿರಬೇಕು. ನಿಮ್ಮ ಲ್ಯಾಬಿನ ಫಲಿತಾಂಶ ಎಷ್ಟು ನಿಖರವಾಗಿದ್ದರೂ ಅದರ ಜಾಗದಲ್ಲಿ ನಿಲ್ಲದು. ಹಾಗಾಗಿ ಮಂಡಳಿಗೆ ಬರೆಯುವ ಪತ್ರದಲ್ಲಿ ‘ಕ್ರಮ ಕೈಗೊಳ್ಳಿ’ ಎಂದಷ್ಟೇ ಬರೆಯದೆ, ‘ಈ ಪೈಪಿನ ಬಾಯಲ್ಲಿ, ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, 21ನೇ ಕಲಂ ಪ್ರಕಾರ ಮಾದರಿ ತೆಗೆಯಿರಿ’ ಎಂದು ಕೇಳಿ, ನಿಮ್ಮ ತಿಂಗಳವಾರು ಪಟ್ಟಿ ಲಗತ್ತಿಸಿ. ಪ್ರತಿಗಳು ಜಿಲ್ಲಾಧಿಕಾರಿಗೆ, ಪಾಲಿಕೆ ಅಥವಾ ಪಂಚಾಯಿತಿಗೆ, ಕೆರೆ ಸಂರಕ್ಷಣಾ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಲಿ.

ಅದೇ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಕೆರೆಯ ಬಾಗಿಲಲ್ಲಿ ಪ್ರತಿ ತಿಂಗಳೂ ಬರೆಯಿರಿ. ಬೆಳಿಗ್ಗೆ ವಾಕಿಂಗ್ ಬರುವ ನೂರಾರು ಜನ ಅದನ್ನು ಓದುತ್ತಾರೆ. ಅಂಕಿ ಕುಸಿದ ತಿಂಗಳು ಕಾರ್ಪೊರೇಟರನ್ನು ಕೇಳುವವರು ಅವರೇ.

ಹಂತ 9: ಬ್ಯಾಚಿನಿಂದ ಬ್ಯಾಚಿಗೆ

ಜವಾಬ್ದಾರಿ ವಿದ್ಯಾರ್ಥಿಯ ಹೆಸರಿನಲ್ಲಿ ಇರಬಾರದು, ಒಬ್ಬ ಪ್ರಾಧ್ಯಾಪಕರ ಹೆಸರಿನಲ್ಲೂ ಇರಬಾರದು. ವಿಭಾಗದ ಹೆಸರಿನಲ್ಲಿ, ವಾರ್ಷಿಕ ಬಜೆಟ್ಟಿನ ಒಂದು ಸಾಲಾಗಿ ಇರಬೇಕು; ರಾಸಾಯನಿಕ, ಐಸ್, ತೆಪ್ಪದ ಬಾಡಿಗೆಗೆ ಪ್ರತಿ ಸಲ ಅರ್ಜಿ ಹಾಕುವಂತಾದರೆ ಎರಡನೇ ವರ್ಷಕ್ಕೇ ಕೆಲಸ ನಿಲ್ಲುತ್ತದೆ. ಕೈಬರಹದ ದಪ್ಪ ರಿಜಿಸ್ಟರ್ ಒಂದು, ಅದರ ಕಂಪ್ಯೂಟರ್ ಪ್ರತಿ ಎರಡು ಕಡೆ. ಉಪಕರಣ ಕೆಟ್ಟ ತಿಂಗಳು ‘ಅಳೆದಿಲ್ಲ, ಮೀಟರ್ ಕೆಟ್ಟಿತ್ತು’ ಎಂದು ಬರೆಯಿರಿ, ಅಂದಾಜು ತುಂಬಬೇಡಿ. ವಿಧಾನ ಬದಲಿಸಲೇಬೇಕಾಗಿ ಬಂದರೆ ಆರು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಯಲ್ಲೇ ಮಾಡಿ.

ಹಿರಿಯ ಬ್ಯಾಚು ಹೊರಡುವ ಮುಂಚೆ ಎರಡು ತಿಂಗಳು ಕಿರಿಯರು ಜೊತೆಗೆ ತೆಪ್ಪ ಹತ್ತಲಿ. ಕೊನೆಯ ದಿನ ಒಂದೇ ಜಾಗದಲ್ಲಿ ಒಟ್ಟಿಗೆ ತುಂಬಿದ ಜೋಡಿ ಬಾಟಲಿಗಳನ್ನು ಹಿರಿಯರೊಮ್ಮೆ, ಕಿರಿಯರೊಮ್ಮೆ ವಿಂಕ್ಲರ್ ಮಾಡಬೇಕು. ಇಬ್ಬರ ಅಂಕಿಯ ನಡುವೆ 0.3 ಮಿ.ಗ್ರಾಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರಿಜಿಸ್ಟರ್ ಕೈ ಬದಲಾಗುವಂತಿಲ್ಲ. ಇನ್ನೊಂದು ಜೊತೆ ಬಾಟಲಿ ತುಂಬಿ ತನ್ನಿ.